ಪಾಸ್ತಾ ಕ್ಯಾಸರೋಲ್: ಒಂದು ಸುಲಭ ಅಡುಗೆಯ ಚರಿತ್ರೆ

ಅಮೆರಿಕದ ಸಾಮಾನ್ಯ ಕುಟುಂಬಗಳಲ್ಲಿ, ಕಚೇರಿ, ಕಾರ್ಖಾನೆ, ಶಾಲೆಗಳಿಂದ ಎಲ್ಲರೂ ದಣಿದು ಮರಳುವ ದುಡಿಮೆಯ ದಿನಗಳ ರಾತ್ರಿಯೂಟಕ್ಕೆ ಸುಮಾರು ಒಂದು ಶತಮಾನದಿಂದ ಒದಗುತ್ತ ಬಂದಿರುವ ಅಡುಗೆಗಳಲ್ಲಿ ಪಾಸ್ತಾ ಕ್ಯಾಸರೋಲ್ ಪ್ರಮುಖವಾದುದು. ಗಟ್ಟಿ ಗೋಧಿಯ ರವೆಯನ್ನು ನೀರಿನಲ್ಲಿ ನಾದಿ, ಶಾವಿಗೆಯ ಹಾಗೆ ಅಚ್ಚಿನಿಂದ ಒತ್ತಿ ಒಣಗಿಸಿದ ನಾನಾ ಆಕಾರದ ಪದಾರ್ಥಗಳಿಗೆ ಒಟ್ಟಾಗಿ ಪಾಸ್ತಾ ಎಂದು ಹೆಸರು. ಕ್ಯಾಸರೋಲ್ ಎಂದರೆ ಓವನ್ನಿನಲ್ಲಿ ಬೇಯಿಸಿ ಅಲ್ಲಿಂದ ನೇರವಾಗಿ ಊಟದ ಮೇಜಿಗೆ ತರಬಹುದಾದ ಆಳದ ಪಾತ್ರೆ, ಮತ್ತು ಬಳಕೆಯಲ್ಲಿ ಅಂಥ ಪಾತ್ರೆಯಲ್ಲಿ ತಯಾರಾದ ಅಡುಗೆ. ಪಾಸ್ತಾವನ್ನು ಪೂರ್ತಿ ಬೇಯಲು ಎರಡು ಮೂರು ನಿಮಿಷ ಬಾಕಿ ಇರುವಾಗಲೇ ಬಸಿದು, ಸಾಸ್ ಎಂಬ ಮಂದವಾದ ಗೊಜ್ಜಿನೊಂದಿಗೆ ಬೆರೆಸಿ, ಒಂಬತ್ತು ಅಂಗುಲ ಅಗಲ, ಹದಿಮೂರು ಅಂಗುಲ ಉದ್ದದ ಪಾತ್ರೆಗೆ ಸುರಿದು, ಮೇಲೆ ಚೀಸ್ ಉದುರಿಸಿ, ಸುಮಾರು 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧ ಗಂಟೆ ಇಟ್ಟರೆ ಅಡುಗೆ ಮುಗಿಯುತ್ತದೆ. ಇದನ್ನು ಸುಲಭದ ಅಡುಗೆಯೆಂದು ಕರೆಯುವುದು ವಾಡಿಕೆ. ಆದರೆ ಈ ಸುಲಭತೆ ಅಡುಗೆಯ ಗುಣವಾಗಿ ಮೊದಲಿನಿಂದ ಇದ್ದುದಲ್ಲ. ಒಂದು ಕಾಲಕ್ಕೆ ಹಲವು ಆಳುಗಳ ದುಡಿಮೆಯನ್ನು ಬೇಡುತ್ತಿದ್ದ ಶ್ರೀಮಂತರ ಭಕ್ಷ್ಯವೊಂದು ಒಂಟಿ ಗೃಹಿಣಿಯ ಕೈಗೆ ಎಟುಕುವಂತಾಗಲು ಗಾಜಿನ ಕಾರ್ಖಾನೆ, ಒಲೆಯ ತಯಾರಕರು, ಸೂಪಿನ ಡಬ್ಬಿ, ಆರ್ಥಿಕ ಕುಸಿತ, ಯುದ್ಧ ಇವೆಲ್ಲವೂ ಸೇರಬೇಕಾಯಿತು.

ಬೇಯಿಸಿದ ಹಿಟ್ಟಿನ ಹಾಳೆಗಳ ನಡುವೆ ಚೀಸ್ ಹರಡಿ ಪದರ ಕಟ್ಟುವ ಪದ್ಧತಿ ಯುರೋಪಿನ ಅರಮನೆಗಳಲ್ಲಿ ಹಳೆಯದು. ನೇಪಲ್ಸ್‌ನ ಆಸ್ಥಾನಕ್ಕೆ ಸಂಬಂಧಿಸಿದ್ದೆಂದು ಭಾವಿಸಲಾಗುವ 'ಲೀಬೆರ್ ದೆ ಕೊಕ್ವೀನಾ' ಎಂಬ ಮಧ್ಯಯುಗದ ಲ್ಯಾಟಿನ್ ಪಾಕಗ್ರಂಥದಲ್ಲಿ ಹುದುಗಿಸಿದ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಚೌಕವಾಗಿ ಕತ್ತರಿಸಿ, ಬೇಯಿಸಿ, ತುರಿದ ಚೀಸ್ ಮತ್ತು ಮಸಾಲೆಪುಡಿಗಳೊಂದಿಗೆ ಪದರವಾಗಿ ಜೋಡಿಸುವ ಕ್ರಮ ಸಿಗುತ್ತದೆ. ಸುಮಾರು 1390ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ರಿಚರ್ಡ್‌ನ ಬಾಣಸಿಗರು ರೂಪಿಸಿದ 'ಫೋರ್ಮ್ ಆಫ್ ಕ್ಯೂರಿ' ಎಂಬ ಸಂಗ್ರಹದಲ್ಲಿಯೂ ಬೆಣ್ಣೆ ಮತ್ತು ಚೀಸ್ ಬೆರೆತ ಇದೇ ಬಗೆಯ ತಿನಿಸು ಇದೆ. ಇವೆರಡೂ ನೀರಿನಲ್ಲಿ ಬೆಂದವೇ ಹೊರತು ಓವನ್ನಿಗೆ ಹೋದವಲ್ಲ. ಓವನ್ನಿಗೆ ಹೋದ ರೂಪ ಮುಂದೆ ದಕ್ಷಿಣ ಇಟಲಿಯಲ್ಲಿ ತಿಂಬಾಲ್ಲೊ ಎಂದು ಹೆಸರಾಯಿತು: ಬೆಣ್ಣೆ ಹಾಕಿ ನಾದಿದ ಹಿಟ್ಟಿನ ಗೋಡೆಯೊಳಗೆ ಮ್ಯಾಕರೋನಿ, ಮಾಂಸ, ಕೋಳಿಯ ಈಲಿ, ಮೊಟ್ಟೆ, ಮಸಾಲೆ ತುಂಬಿ ಸುಟ್ಟ ಗೋಪುರದಂಥ ಭಕ್ಷ್ಯ ಅದು. ಜುಸೆಪ್ಪೆ ತೊಮಾಸಿ ದಿ ಲಾಂಪೆದೂಸಾ ಅವರ 1958ರ ಕಾದಂಬರಿ 'ಇಲ್ ಗಾತ್ತೊಪಾರ್ದೊ' ಸಿಸಿಲಿಯ ಜಮೀನುದಾರನ ಮನೆಯ ಔತಣದ ವರ್ಣನೆಯಲ್ಲಿ ಈ ಭಕ್ಷ್ಯಕ್ಕೆ ಕೊಟ್ಟಿರುವ ಸ್ಥಾನವನ್ನು ನೋಡಿದರೆ ಅದು ಯಾರ ಪಂಕ್ತಿಯ ಊಟವಾಗಿತ್ತು ಎಂಬುದು ತಿಳಿಯುತ್ತದೆ. ಇದನ್ನು ಸಿದ್ಧಪಡಿಸಲು ಮನೆಯಲ್ಲೇ ದೊಡ್ಡ ಓವನ್, ಅದನ್ನು ಕಾಯಿಸಲು ಸೌದೆ, ಸೌದೆ ಒಟ್ಟಲು ಆಳು, ಹಿಟ್ಟು ಹದಮಾಡಲು ಒಬ್ಬ, ಗೊಜ್ಜು ಕಾಯಲು ಇನ್ನೊಬ್ಬ ಬೇಕಿತ್ತು.

ಚೀಸ್ ಹಾಕಿ ಸುಟ್ಟ ಮ್ಯಾಕರೋನಿಯನ್ನು ಅಮೆರಿಕಕ್ಕೆ ತಂದವರು ಮುಂದೆ ದೇಶದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಎಂಬ ಮಾತು ಅಲ್ಲಿ ಬಹಳ ಪ್ರಚಾರದಲ್ಲಿದೆ. ಎಲಿಜಬೆತ್ ರಾಫಲ್ಡ್ ಎಂಬ ಇಂಗ್ಲಿಷ್ ಲೇಖಕಿ 1769ರಲ್ಲಿಯೇ ಮ್ಯಾಕರೋನಿಗೆ ಪಾರ್ಮಸಾನ್ ಚೀಸ್ ಹಾಕುವ ವಿಧಾನವನ್ನು ಅಚ್ಚು ಹಾಕಿಸಿದ್ದರಿಂದ, ಮತ್ತು ಇಂಗ್ಲಿಷ್ ಪಾಕಪುಸ್ತಕಗಳು ಅಟ್ಲಾಂಟಿಕ್ ದಾಟಿ ಬರುವುದು ಸಾಮಾನ್ಯವಾಗಿದ್ದುದರಿಂದ, ಈ ಕೀರ್ತಿಯನ್ನು ಜೆಫರ್ಸನ್ನರೊಬ್ಬರಿಗೇ ಕೊಡಲಾಗದು. ಆದರೂ ಜೆಫರ್ಸನ್ನರ ಅಡುಗೆಮನೆ ಈ ಚರಿತ್ರೆಯಲ್ಲಿ ಮುಖ್ಯವಾಗುವುದು ಬೇರೆ ಕಾರಣಕ್ಕೆ. 1784ರಲ್ಲಿ ರಾಯಭಾರದ ಕೆಲಸಕ್ಕೆ ಪ್ಯಾರಿಸ್ಸಿಗೆ ಹೋದಾಗ ಅವರು ತಮ್ಮ ಒಡೆತನದಲ್ಲಿದ್ದ ಜೇಮ್ಸ್ ಹೆಮಿಂಗ್ಸ್ ಎಂಬ ಗುಲಾಮ ಯುವಕನನ್ನು ಫ್ರೆಂಚ್ ಅಡುಗೆ ಕಲಿಸುವ ಸಲುವಾಗಿಯೇ ಜೊತೆಗೆ ಕರೆದೊಯ್ದರು. ಜೆಫರ್ಸನ್ನರ ಕಾರ್ಯದರ್ಶಿ ವಿಲಿಯಂ ಶಾರ್ಟ್ 1789ರಲ್ಲಿ ನೇಪಲ್ಸ್‌ನಿಂದ ಅವರಿಗಾಗಿ ಮ್ಯಾಕರೋನಿ ಒತ್ತುವ ಅಚ್ಚೊಂದನ್ನು ಕೊಂಡು ಕಳುಹಿಸಿದರು. ಅಂಥ ಯಂತ್ರದ ನಕ್ಷೆಯನ್ನು ಸ್ವತಃ ಜೆಫರ್ಸನ್ ಬರೆದಿಟ್ಟರು. ನಕ್ಷೆ ಬರೆದ ಕೈ ಒಡೆಯನದು, ಅಡುಗೆ ಮಾಡಿದ ಕೈ ಗುಲಾಮನದು. ತಾನು ಕಲಿತ ವಿದ್ಯೆಯನ್ನು ಇನ್ನೊಬ್ಬನಿಗೆ ಕಲಿಸಿಕೊಟ್ಟರೆ ಬಿಡುಗಡೆ ಸಿಗಬೇಕೆಂದು 1793ರಲ್ಲಿ ಒಡೆಯನೊಂದಿಗೆ ಬರವಣಿಗೆಯ ಕರಾರು ಮಾಡಿಕೊಂಡ ಹೆಮಿಂಗ್ಸ್, ತಮ್ಮನಾದ ಪೀಟರ್‌ನನ್ನು ಆ ಅಡುಗೆಮನೆಗೆ ತರಬೇತುಗೊಳಿಸಿ ಕೊಟ್ಟ ಮೇಲೆ 1796ರಲ್ಲಿ ಸ್ವತಂತ್ರನಾದನು. ಅಂದರೆ ಅವನ ಬಿಡುಗಡೆಗೆ ಅವನ ತಮ್ಮನ ಸೇವೆಯೇ ಬೆಲೆಯಾಯಿತು.

ಜೆಫರ್ಸನ್ ಅಧ್ಯಕ್ಷರಾಗಿದ್ದ 1802ರ ಫೆಬ್ರವರಿ 6ರಂದು ಅವರ ಮೇಜಿನಲ್ಲಿ ಉಂಡ ಮೆನಾಸೆ ಕಟ್ಲರ್ ಎಂಬ, ಪಾದ್ರಿಯೂ ಆಗಿದ್ದ ಜನಪ್ರತಿನಿಧಿ ಅಂದಿನ ಊಟದ ವಿವರವನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಮ್ಯಾಕರೋನಿ ಎಂಬ ಹೆಸರಿನ, ಓವನ್ನಿನಲ್ಲಿ ಸುಟ್ಟ ತಿನಿಸೊಂದು ಬಂದಿತೆಂದೂ, ಅದರಲ್ಲಿದ್ದ ಎಳೆಗಳನ್ನು ತಾನು ಈರುಳ್ಳಿಯೆಂದು ತಿಳಿದೆನೆಂದೂ, ರುಚಿ ಹಿಡಿಸಲಿಲ್ಲವೆಂದೂ, ಅಲ್ಲಿದ್ದ ಅಧ್ಯಕ್ಷರ ಕಾರ್ಯದರ್ಶಿ ಮೆರಿವೆದರ್ ಲೂಯಿಸ್ ಅದು ಇಟಲಿಯ ಅಡುಗೆಯೆಂದು ವಿವರಿಸಿದನೆಂದೂ ಅಲ್ಲಿ ದಾಖಲಾಗಿದೆ. ದೇಶದ ಉತ್ತಮ ಶಿಕ್ಷಿತರಲ್ಲೊಬ್ಬನಾದ ಪಾದ್ರಿಗೂ ಮ್ಯಾಕರೋನಿ ಗುರುತು ಹತ್ತದಷ್ಟು ಅದು ಆಗ ಅಪರೂಪದ ವಸ್ತುವಾಗಿತ್ತು.

ಈ ಅಪರೂಪವನ್ನು ಮನೆಯ ಅಡುಗೆಯಾಗಿ ಅಚ್ಚಿಗೆ ತಂದವರಲ್ಲಿ ಮೇರಿ ರಾಂಡಾಲ್ಫ್ ಮೊದಲಿಗರು. 1824ರ ಅವರ 'ದಿ ವರ್ಜೀನಿಯಾ ಹೌಸ್‌ವೈಫ್' ಮ್ಯಾಕರೋನಿ, ಚೀಸ್, ಬೆಣ್ಣೆಗಳನ್ನು ಪದರ ಪದರವಾಗಿ ಹಾಕಿ ಓವನ್ನಿನಲ್ಲಿಡಲು ಹೇಳುತ್ತದೆ; ಆದರೆ ಆ ಪುಸ್ತಕದ 'ಗೃಹಿಣಿ' ಗುಲಾಮರ ಕೆಲಸವನ್ನು ನೋಡಿಕೊಳ್ಳುವ ಯಜಮಾನಿ, ಒಲೆಯ ಮುಂದೆ ನಿಲ್ಲುವವಳಲ್ಲ. ಗುಲಾಮಗಿರಿ ಅಳಿದ ಮೇಲೆ ದಕ್ಷಿಣದ ಕಪ್ಪು ಜನರ ಮನೆಗಳಲ್ಲಿ ಚೀಸ್ ಹಾಕಿ ಸುಟ್ಟ ಮ್ಯಾಕರೋನಿ ಭಾನುವಾರದ ಹಾಗೂ ಹಬ್ಬದ ಊಟಗಳ ಗೌರವದ ತಿನಿಸಾಗಿ ಉಳಿದುಕೊಂಡಿತು, ಮತ್ತು ಇಂದಿಗೂ ಅಲ್ಲಿ ಅದನ್ನು ಯಾರು ಮಾಡಬೇಕೆಂಬುದು ಕುಟುಂಬದೊಳಗಿನ ಹಿರಿತನದ ವಿಷಯ.

ಫ್ಯಾನಿ ಫಾರ್ಮರ್ ಅವರ 1896ರ 'ಬಾಸ್ಟನ್ ಕುಕಿಂಗ್ ಸ್ಕೂಲ್ ಕುಕ್ ಬುಕ್' ಬರುವ ಹೊತ್ತಿಗೆ ಓದುಗಿತಿ ಬದಲಾಗಿದ್ದಾಳೆ: ಅವಳು ಸ್ವತಃ ಒಲೆಯ ಮುಂದಿದ್ದಾಳೆ, ಅವಳಿಗೆ ಅಂದಾಜು ಬೇಡ, ಅಳತೆ ಬೇಕು. ಮಟ್ಟಸವಾಗಿ ಸವರಿದ ಬಟ್ಟಲು ಮತ್ತು ಚಮಚಗಳ ಅಳತೆಯನ್ನು ಅಮೆರಿಕದ ಅಡುಗೆಗೆ ರೂಢಿಸಿದ ಈ ಪುಸ್ತಕದಲ್ಲಿ ಮ್ಯಾಕರೋನಿಯನ್ನು ಅಂಗುಲದುದ್ದ ಮುರಿದು, ಉಪ್ಪು ನೀರಿನಲ್ಲಿ ಇಪ್ಪತ್ತು ನಿಮಿಷ ಅಥವಾ ಮೆತ್ತಗಾಗುವ ತನಕ ಬೇಯಿಸಿ, ಬಸಿದು, ಅಂಟಿಕೊಳ್ಳದಂತೆ ತಣ್ಣೀರು ಹೊಯ್ದು, ಬಿಳಿ ಸಾಸ್ ಬೆರೆಸಿ, ಬೆಣ್ಣೆಯಲ್ಲಿ ಹೊರಳಿಸಿದ ಬ್ರೆಡ್ ಪುಡಿ ಮುಚ್ಚಿ ಕಂದುಬಣ್ಣ ಬರುವ ತನಕ ಸುಡುವ ಕ್ರಮವಿದೆ. ಬಿಳಿ ಸಾಸ್ ಎಂದರೆ ಬೆಣ್ಣೆಯಲ್ಲಿ ಮೈದಾವನ್ನು ಬಣ್ಣ ತಿರುಗದಂತೆ ಹುರಿದು, ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹೊಯ್ಯುತ್ತ, ಗಂಟಾಗದಂತೆ ಕೈಬಿಡದೆ ತಿರುವಿ ಮಾಡುವ ಗೊಜ್ಜು. ಹಿಟ್ಟಿನ ಪಿಷ್ಟದ ಕಣಗಳು ಬಿಸಿ ಹಾಲಿನಲ್ಲಿ ಉಬ್ಬಿ ಅದನ್ನು ಮಂದಗೊಳಿಸುತ್ತವೆ. ಇಡೀ ಅಡುಗೆಯಲ್ಲಿ ಒಲೆಯ ಮುಂದೆ ಕಟ್ಟಿಹಾಕುವ ಭಾಗ ಇದೊಂದೇ. ಮುಂದೆ ಕಾರ್ಖಾನೆಗಳು ಇದಕ್ಕೂ ಕೈಹಾಕಿದ್ದು ಆಕಸ್ಮಿಕವಲ್ಲ. ಇಪ್ಪತ್ತು ನಿಮಿಷದ ಬೇಯುವಿಕೆಯನ್ನು ಕಂಡು ಇಂದಿನ ಇಟಲಿಯವರು ಹೌಹಾರಬಹುದು. ಆದರೆ ಅಂದಿನ ಅಮೆರಿಕದವರಿಗೆ ಮ್ಯಾಕರೋನಿ ಹಾಲಿನ ಕಡುಬುಗಳ ಸಾಲಿಗೆ ಸೇರಿದ, ಹಲ್ಲಿಗೆ ತೊಡಕಾಗಬಾರದ ಪದಾರ್ಥ.

ಆಂತ್ವಾನ್ ಝೆರೇಗಾ 1848ರಲ್ಲಿಯೇ ಬ್ರೂಕ್ಲಿನ್ನಿನಲ್ಲಿ ಪಾಸ್ತಾ ಕಾರ್ಖಾನೆ ತೆರೆದಿದ್ದರೂ ಒಳ್ಳೆಯ ಮ್ಯಾಕರೋನಿ ಬಹುಕಾಲ ಇಟಲಿಯಿಂದಲೇ ಬರುತ್ತಿತ್ತು. ಅದಕ್ಕೆ ಬೇಕಾದ ಡ್ಯೂರಮ್ ಗೋಧಿ, ಅಂದರೆ ಕರ್ನಾಟಕದಲ್ಲಿ ಬನ್ಸಿ ರವೆಯ ಮೂಲಕ ಪರಿಚಿತವಾಗಿರುವ, ಕಾಳು ಗಟ್ಟಿಯಾಗಿ ಹಳದಿ ಛಾಯೆಯಿರುವ ಗೋಧಿ, ಅಮೆರಿಕದಲ್ಲಿ ವ್ಯಾಪಕವಾಗಿ ಬೆಳೆಯುತ್ತಿರಲಿಲ್ಲ. ಕೃಷಿ ಇಲಾಖೆಯ ಮಾರ್ಕ್ ಕಾರ್ಲ್ಟನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರಷ್ಯಾದ ಹುಲ್ಲುಗಾವಲುಗಳನ್ನು ಸುತ್ತಿ ಬರ ತಾಳುವ ಡ್ಯೂರಮ್ ತಳಿಗಳನ್ನು ತಂದ ನಂತರ ಡಕೋಟಾ ಬಯಲುಗಳಲ್ಲಿ ಆ ಬೆಳೆ ನೆಲೆಯೂರಿತು; ಮೊದಲನೆಯ ಮಹಾಯುದ್ಧ ಇಟಲಿಯ ಆಮದನ್ನು ಕಡಿದಾಗ ದೇಶದೊಳಗಿನ ಕಾರ್ಖಾನೆಗಳು ಬೆಳೆದವು. ಒಣ ಪಾಸ್ತಾ ಹೀಗೆ ಅಗ್ಗದ ದಿನಸಿಯಾಯಿತು.

ಪಾತ್ರೆಯ ಕಥೆ ಇದಕ್ಕಿಂತ ಸ್ವಾರಸ್ಯದ್ದು. ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಗ್ಲಾಸ್ ವರ್ಕ್ಸ್ ಎಂಬ ಕಂಪನಿ ರೈಲ್ವೆಯ ಸಂಕೇತದೀಪಗಳಿಗಾಗಿ, ಒಳಗೆ ಉರಿ ಇದ್ದು ಹೊರಗೆ ಹಿಮ ಬಿದ್ದರೂ ಸೀಳದ ಗಾಜೊಂದನ್ನು ರೂಪಿಸಿತ್ತು. ಶಾಖಕ್ಕೆ ಹಿಗ್ಗುವುದು ಬಹಳ ಕಡಿಮೆಯಾದ್ದರಿಂದ ಅದು ಒಡೆಯುತ್ತಿರಲಿಲ್ಲ. 1913ರಲ್ಲಿ ಅಲ್ಲಿನ ವಿಜ್ಞಾನಿ ಜೆಸ್ಸಿ ಲಿಟಲ್ಟನ್ ಅವರ ಪತ್ನಿ ಬೆಸ್ಸಿ, ತಮ್ಮ ಮನೆಯ ಮಣ್ಣಿನ ಕ್ಯಾಸರೋಲ್ ಬಿರುಕು ಬಿಟ್ಟಿದ್ದರಿಂದ, ಆ ಗಾಜಿನದೇ ಏನಾದರೂ ತರಲು ಹೇಳಿದರು. ಪತಿ ತಂದದ್ದು ಬ್ಯಾಟರಿಯ ಗಾಜಿನ ಜಾಡಿಗಳ ಕೊಯ್ದ ತಳಭಾಗಗಳನ್ನು. ಬೆಸ್ಸಿ ಅದರಲ್ಲಿ ಕೇಕ್ ಬೇಯಿಸಿ ನೋಡಿದಾಗ ಅದು ಸಮನಾಗಿ ಬೆಂದಿತು, ಪಾತ್ರೆಗೆ ಹತ್ತಲಿಲ್ಲ, ಬೆಂದಿದೆಯೇ ಎಂಬುದು ಹೊರಗಿನಿಂದಲೇ ಕಾಣುತ್ತಿತ್ತು. ಅಡುಗೆಗೆ ಒಗ್ಗುವಂತೆ ಸೀಸವನ್ನು ತೆಗೆದು ಸುಧಾರಿಸಿದ ಆ ಗಾಜು 1915ರಲ್ಲಿ ಪೈರೆಕ್ಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಬೇಯಿಸಿದ ಪಾತ್ರೆಯನ್ನೇ ಬಡಿಸುವ ಪಾತ್ರೆಯಾಗಿಸುವುದಕ್ಕೆ ಹಿಂದೆ ಇದ್ದ ಸಂಕೋಚ, ಅಂದರೆ ಮಸಿ ಹಿಡಿದ ಪಾತ್ರೆಯನ್ನು ಮೇಜಿಗೆ ತರುವ ಸಂಕೋಚ, ಇದರಿಂದ ಹೋಯಿತು. ಆಳಿಲ್ಲದ ಮನೆಯಲ್ಲಿ ತೊಳೆಯಬೇಕಾದ ಒಂದು ಪಾತ್ರೆಯೂ ಕಡಿಮೆಯಾಯಿತು.

ಅದೇ ದಶಕದಲ್ಲಿ ಅಮೆರಿಕನ್ ಸ್ಟವ್ ಕಂಪನಿಯ ಲೊರೇನ್ ಎಂಬ ಶಾಖನಿಯಂತ್ರಕ ಗ್ಯಾಸ್ ಓವನ್ನುಗಳಿಗೆ ಬಂದಿತು. ಅದಕ್ಕೆ ಮೊದಲು ಓವನ್ನಿನ ಕಾವನ್ನು ಅರಿಯುವುದು ಕೈಯ ವಿದ್ಯೆ: ಕೈಯನ್ನು ಒಳಗೆ ಚಾಚಿ ಎಷ್ಟು ಎಣಿಕೆ ತಾಳಬಹುದೆಂದು ನೋಡಬೇಕಿತ್ತು, ಅಥವಾ ಬಿಳಿ ಕಾಗದದ ಚೂರೊಂದನ್ನು ಇಟ್ಟು ಅದು ಎಷ್ಟು ಬೇಗ ಕಂದುತ್ತದೆಂದು ಗಮನಿಸಬೇಕಿತ್ತು, ಮತ್ತು ಸೌದೆಯೋ ಕಲ್ಲಿದ್ದಲೋ ಕುಂದಿದಂತೆ ಮತ್ತೆ ಮತ್ತೆ ಒಟ್ಟಬೇಕಿತ್ತು. ತಿರುಪನ್ನು ಒಂದು ಅಂಕಿಗೆ ತಿರುಗಿಸಿ ಬೇರೆ ಕೆಲಸಕ್ಕೆ ಹೋಗಬಹುದೆಂಬುದು ಅಡುಗೆಮನೆಯ ಚರಿತ್ರೆಯಲ್ಲಿ ದೊಡ್ಡ ಘಟನೆಯೆಂದು ಹೇಳಲೇಬೇಕು. ಪಾಸ್ತಾ ಕ್ಯಾಸರೋಲಿನ ನಿಜವಾದ ಆವಿಷ್ಕಾರ ಅದರ ರುಚಿಯಲ್ಲಿಲ್ಲ, ಯಾರೂ ಕಾವಲಿಲ್ಲದ ಆ ಅರ್ಧ ಗಂಟೆಯಲ್ಲಿದೆ. ಆ ಅರ್ಧ ಗಂಟೆಯಲ್ಲಿ ಮಕ್ಕಳ ಸ್ನಾನವೋ ಶಾಲೆಯ ಪಾಠವೋ ಮುಗಿಯುತ್ತಿತ್ತು.

ಉಳಿದಿದ್ದ ಬಿಳಿ ಸಾಸ್ ಎಂಬ ತೊಡಕನ್ನು ಬಿಡಿಸಿದ್ದು ಸೂಪಿನ ಡಬ್ಬಿ. ನ್ಯೂಜೆರ್ಸಿಯ ಕ್ಯಾಮ್ಡನ್ನಿನ ಕ್ಯಾಂಪ್‌ಬೆಲ್ ಕಂಪನಿಯಲ್ಲಿ ರಸಾಯನಶಾಸ್ತ್ರಜ್ಞ ಜಾನ್ ಡೊರಾನ್ಸ್ 1897ರಲ್ಲಿ ನೀರಿನ ಅಂಶ ಕಡಿಮೆಯಾದ ಸಾಂದ್ರ ಸೂಪನ್ನು ಸಿದ್ಧಪಡಿಸಿದಾಗ ಉದ್ದೇಶವಿದ್ದದ್ದು ಸಾಗಣೆಯ ತೂಕವನ್ನು ಇಳಿಸುವುದು. ಕೊಂಡವರು ನೀರು ಬೆರೆಸಿ ಕುಡಿಯಬೇಕಿತ್ತು. 1934ರಲ್ಲಿ ಅದೇ ಕಂಪನಿ ಅಣಬೆಯ ಕೆನೆಸೂಪನ್ನು ಹೊರತಂದ ಮೇಲೆ ಗೃಹಿಣಿಯರು ಅದನ್ನು ನೀರು ಬೆರೆಸದೆ ಸಾಸ್ ಆಗಿಯೇ ಬಳಸತೊಡಗಿದರು, ಏಕೆಂದರೆ ಸ್ವರೂಪದಲ್ಲಿ ಅದು ಯಾರೋ ಮೊದಲೇ ತಿರುವಿ ಇಟ್ಟ ಬಿಳಿ ಸಾಸೇ ಆಗಿತ್ತು. ಲೂಥರನ್ ಪಂಥದವರು ಹೆಚ್ಚಾಗಿರುವ ಮಿನೆಸೋಟಾದಲ್ಲಿ ಅದಕ್ಕೆ 'ಲೂಥರನ್ ಅಂಟು' ಎಂಬ ಅಡ್ಡಹೆಸರೇ ಬಿದ್ದಿದೆ. ಡಬ್ಬಿಯ ಸೂಪನ್ನು ಹಳಿಯುವುದು ಮುಂದಿನ ಪೀಳಿಗೆಯ ಪಾಕತಜ್ಞರಿಗೆ ಒಂದು ಶಿಷ್ಟಾಚಾರವಾಯಿತು. ಹಾಗೆ ಹಳಿದವರಲ್ಲಿ ಹಲವರಿಗೆ ದಿನನಿತ್ಯ ಐದಾರು ಜನರಿಗೆ ಅಡುಗೆ ಮಾಡುವ ಹೊಣೆ ಇರಲಿಲ್ಲವೆಂಬುದನ್ನು ಮರೆಯಬಾರದು.

1930ರ ಎರಡು ದಾಖಲೆಗಳು ಈ ಅಡುಗೆಯ ಇಂದಿನ ರೂಪ ಮೂಡಿದ ಹೊತ್ತನ್ನು ತೋರಿಸುತ್ತವೆ. ಆ ವರ್ಷ ಪಶ್ಚಿಮ ಕರಾವಳಿಯ 'ಸನ್‌ಸೆಟ್' ಪತ್ರಿಕೆಯಲ್ಲಿ ವಾಷಿಂಗ್ಟನ್ ರಾಜ್ಯದ ಕೆನೆವಿಕ್ ಊರಿನ ಗೃಹಿಣಿಯೊಬ್ಬರು ಕಳುಹಿಸಿದ, ಡಬ್ಬಿಯ ಟ್ಯೂನಾ ಮೀನು ಮತ್ತು ನೂಡಲ್ಸ್ ಸೇರಿಸಿದ ಕ್ಯಾಸರೋಲ್ ಪ್ರಕಟವಾಯಿತು. ಅದೇ ವರ್ಷ ಮಿನೆಸೋಟಾದ ಮಂಕೇಟೊ ಊರಿನ ಗ್ರೇಸ್ ಲೂಥರನ್ ಚರ್ಚಿನ ಮಹಿಳಾ ಸಂಘ ಹೊರತಂದ ಪಾಕಪುಸ್ತಕದಲ್ಲಿ ಕೊಚ್ಚಿದ ದನದ ಮಾಂಸ, ಈರುಳ್ಳಿ, ಸೆಲರಿ, ಡಬ್ಬಿಯ ಬಟಾಣಿ, ಡಬ್ಬಿಯ ಟೊಮೆಟೊ ಸೂಪು ಮತ್ತು ಕ್ರೀಮೆಟ್ಸ್ ಎಂಬ ಬೇಗ ಬೇಯುವ ಮ್ಯಾಕರೋನಿ ಸೇರಿದ 'ಹಾಟ್‌ಡಿಶ್' ಕಾಣಿಸಿತು. ಎರಡರಲ್ಲೂ ತಾಜಾ ಪದಾರ್ಥ ಕಡಿಮೆ, ಡಬ್ಬಿ ಹೆಚ್ಚು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಸ್ವಲ್ಪ ಮಾಂಸವನ್ನು ಇಡೀ ಕುಟುಂಬಕ್ಕೆ ಸಾಲುವಂತೆ ಹಿಗ್ಗಿಸುವುದಕ್ಕೆ ಮ್ಯಾಕರೋನಿಯಷ್ಟು ಅಗ್ಗದ ಉಪಾಯ ಬೇರೆ ಇರಲಿಲ್ಲ. ಕ್ರಾಫ್ಟ್ ಕಂಪನಿ 1937ರಲ್ಲಿ ಮ್ಯಾಕರೋನಿ ಮತ್ತು ಪುಡಿಚೀಸ್ ಸೇರಿದ ಪೊಟ್ಟಣವನ್ನು ನಾಲ್ವರ ಊಟಕ್ಕೆ 19 ಸೆಂಟ್ ಎಂದು ಮಾರಿತು. ಎರಡನೆಯ ಮಹಾಯುದ್ಧದಲ್ಲಿ, 1943ರ ಮಾರ್ಚಿನಿಂದ, ಮಾಂಸ, ಚೀಸ್, ಬೆಣ್ಣೆ, ಡಬ್ಬಿಯ ಆಹಾರಗಳಿಗೆ ಪಡಿತರ ಬಂದಾಗ ಅಂಥ ಎರಡು ಪೊಟ್ಟಣಗಳು ಒಂದೇ ಪಡಿತರ ಅಂಕಕ್ಕೆ ಸಿಗುತ್ತಿದ್ದುದರಿಂದ ಅವುಗಳ ಬಳಕೆ ಇನ್ನಷ್ಟು ಬೆಳೆಯಿತು.

ಚರ್ಚಿನ ಸಂಘಗಳು ಈ ಅಡುಗೆಗೆ ಇನ್ನೊಂದು ಸಾಮಾಜಿಕ ಬದುಕನ್ನು ಕೊಟ್ಟವು. ಮನೆಯಲ್ಲಿ ಹೆರಿಗೆಯಾದಾಗ, ಸಾವಾದಾಗ, ಹೊಸಬರು ನೆರೆಗೆ ಬಂದಾಗ ಮುಚ್ಚಿದ ಕ್ಯಾಸರೋಲ್ ಒಯ್ದು ಕೊಡುವುದು ಮಧ್ಯಪಶ್ಚಿಮ ರಾಜ್ಯಗಳಲ್ಲಿ ಕಟ್ಟಳೆಯೇ ಆಯಿತು. ಹತ್ತಾರು ಮನೆಗಳ ಒಂದೇ ತೆರನ ಪಾತ್ರೆಗಳು ಚರ್ಚಿನ ಅಡುಗೆಮನೆಯಲ್ಲಿ ಕಲೆಯುತ್ತಿದ್ದುದರಿಂದ ಪ್ರತಿಯೊಂದರ ತಳಕ್ಕೂ ಕಾಗದದ ಅಂಟುಪಟ್ಟಿ ಹಚ್ಚಿ ಒಡತಿಯ ಹೆಸರು ಬರೆಯುವ ರೂಢಿ ಬಂದಿತು, ಮತ್ತು ಆ ಪಟ್ಟಿಗಳ ಮೇಲೆ ಬಹುಕಾಲ ಇರುತ್ತಿದ್ದುದು ಹೆಂಡತಿಯ ಸ್ವಂತ ಹೆಸರಲ್ಲ, ಗಂಡನ ಹೆಸರಿನ ಹಿಂದೆ 'ಮಿಸೆಸ್' ಸೇರಿಸಿದ ಹೆಸರು.

ಇಷ್ಟು ಹೊತ್ತಿಗೆ ಇಟಲಿಯಿಂದ ನೇರವಾಗಿ ಬಂದ ಇನ್ನೊಂದು ಧಾರೆಯೂ ಪೂರ್ವ ಕರಾವಳಿಯಲ್ಲಿ ಬೆಳೆದಿತ್ತು. 1880ರಿಂದ 1920ರ ದಶಕದ ತನಕ ವಲಸೆ ಬಂದ ಸುಮಾರು 40 ಲಕ್ಷ ಇಟಾಲಿಯನ್ನರಲ್ಲಿ ಹೆಚ್ಚಿನವರು ದಕ್ಷಿಣದ ಬಡ ರೈತಾಪಿಗಳು. ಊರಿನಲ್ಲಿ ಅವರಿಗೆ ಓವನ್ನಿನ ಪಾಸ್ತಾ ಎಂದರೆ ಮದುವೆಯ ಅಥವಾ ಹಬ್ಬದ ಊಟ. ಅಮೆರಿಕದಲ್ಲಿ ಮಾಂಸ, ಹಾಲು, ಚೀಸ್ ಕೈಗೆಟುಕಿದ್ದರಿಂದ, ಝೀಟಿ ಎಂಬ ಕೊಳವೆಯಾಕಾರದ ಪಾಸ್ತಾವನ್ನು ಟೊಮೆಟೊ ಗೊಜ್ಜು, ರಿಕೋಟಾ ಮತ್ತು ಮೊಝರೆಲ್ಲಾ ಚೀಸುಗಳೊಂದಿಗೆ ಸುಡುವ 'ಬೇಕ್ಡ್ ಝೀಟಿ' ಭಾನುವಾರದಿಂದ ವಾರದ ದಿನಕ್ಕೆ ಇಳಿದು ಬಂದಿತು. ಇಲ್ಲಿ ಬಿಳಿ ಸಾಸೂ ಇಲ್ಲ, ಸೂಪಿನ ಡಬ್ಬಿಯೂ ಇಲ್ಲ. ಆದರೆ ಒಂದು ಪಾತ್ರೆ, ಒಂದು ಓವನ್, ನಾಳೆಗೂ ಉಳಿಯುವ ಊಟ ಎಂಬ ತರ್ಕ ಒಂದೇ. ಎರಡನೆಯ ಮಹಾಯುದ್ಧದ ನಂತರ ಈ ಎರಡು ಧಾರೆಗಳು ಉಪನಗರಗಳ ಅಡುಗೆಮನೆಗಳಲ್ಲಿ ಕೂಡಿಕೊಂಡವು. 1946ರಲ್ಲಿ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ರಾಷ್ಟ್ರೀಯ ಶಾಲಾ ಊಟದ ಕಾಯಿದೆಯಿಂದ ದೊಡ್ಡ ತಟ್ಟೆಗಳಲ್ಲಿ ಬೇಯುವ ಇಂಥ ಅಡುಗೆಗಳು ಮಕ್ಕಳ ನಾಲಿಗೆಗೂ ಹತ್ತಿದವು. 1947ರಲ್ಲಿ ರೆನಾಲ್ಡ್ಸ್ ರ‍್ಯಾಪ್ ಎಂಬ ಅಲ್ಯೂಮಿನಿಯಂ ಹಾಳೆ ಬಂದ ಮೇಲೆ ಪಾತ್ರೆಯನ್ನು ಬಿಗಿಯಾಗಿ ಮುಚ್ಚಿ ಹಬೆಯನ್ನು ಒಳಗೇ ಹಿಡಿಯುವುದು, ಮಾಡಿಟ್ಟು ಮರುದಿನ ಸುಡುವುದು, ಕೊನೆಯ ಹತ್ತು ನಿಮಿಷ ಹಾಳೆ ತೆಗೆದು ಮೇಲ್ಪದರ ಗರಿಗರಿಯಾಗಿಸುವುದು ಎಲ್ಲರ ವಿಧಾನವಾಯಿತು.

ಹೊರಗೆ ದುಡಿಯುವ ತಾಯಂದಿರು ಹೆಚ್ಚುತ್ತಿದ್ದ ಕಾಲದಲ್ಲಿ, 1960ರಲ್ಲಿ, ಪೆಗ್ ಬ್ರಾಕನ್ ಅಡುಗೆಯನ್ನು ತಾನು ದ್ವೇಷಿಸುತ್ತೇನೆಂದು ಶೀರ್ಷಿಕೆಯಲ್ಲೇ ಸಾರುವ ಪಾಕಪುಸ್ತಕ ಬರೆದು ಜನಪ್ರಿಯರಾದರು. ಅದರ ನಗೆಯ ಹಿಂದೆ ಒಂದು ಗಂಭೀರ ವಿಷಯವಿದೆ: ಆಳುಗಳ ದುಡಿಮೆಯನ್ನು ಯಂತ್ರವೂ ಡಬ್ಬಿಯೂ ಹಂಚಿಕೊಂಡವಾದರೂ ಉಳಿದ ದುಡಿಮೆ ಗಂಡನಿಗೆ ಹಂಚಿಕೆಯಾಗಲಿಲ್ಲ, ಪೂರ್ತಿಯಾಗಿ ಹೆಂಡತಿಯ ಪಾಲಿಗೇ ಬಂದಿತು. 1971ರಲ್ಲಿ ಜನರಲ್ ಮಿಲ್ಸ್ ದೇಶವ್ಯಾಪಿಯಾಗಿ ಮಾರತೊಡಗಿದ ಹ್ಯಾಂಬರ್ಗರ್ ಹೆಲ್ಪರ್ ಎಂಬ ಪೊಟ್ಟಣ ಓವನ್ನನ್ನೂ ಬಿಟ್ಟು ಒಲೆಯ ಮೇಲಿನ ಒಂದೇ ಬಾಣಲೆಯಲ್ಲಿ ಕೆಲಸ ಮುಗಿಸಿತು. ಆದರೂ ಓವನ್ನಿನ ಪಾಸ್ತಾ ಹಿಂದೆ ಸರಿಯಲಿಲ್ಲ. ಫಿನ್ಲೆಂಡಿನ ಜೆನ್ನಿ ಹ್ಯಾಯ್ರಿನೆನ್ 2019ರಲ್ಲಿ ಪ್ರಕಟಿಸಿದ, ಫೆಟಾ ಚೀಸಿನ ಗಡ್ಡೆಯೊಂದನ್ನು ಸಣ್ಣ ಟೊಮೆಟೊಗಳ ನಡುವೆ ಇಟ್ಟು ಸುಟ್ಟು ಪಾಸ್ತಾಕ್ಕೆ ಬೆರೆಸುವ ಕ್ರಮ 2021ರಲ್ಲಿ ಟಿಕ್‌ಟಾಕ್ ಮೂಲಕ ಅಮೆರಿಕವನ್ನೂ ಆವರಿಸಿತು. ಅದರಲ್ಲಿ ಸಾಸ್ ತಯಾರಿಕೆ ಓವನ್ನಿನ ಒಳಗೇ ನಡೆಯುತ್ತದೆ.

ಕರ್ನಾಟಕದ ಮನೆಗಳಲ್ಲಿ ಪಾಸ್ತಾ ಹೊಕ್ಕಿದ್ದರೂ ಕ್ಯಾಸರೋಲ್ ಅಷ್ಟಾಗಿ ಹೊಕ್ಕಿಲ್ಲ, ಏಕೆಂದರೆ ಇಲ್ಲಿನ ಅಡುಗೆಮನೆ ಗ್ಯಾಸ್ ಒಲೆ ಮತ್ತು ಕುಕ್ಕರಿನ ಸುತ್ತ ಕಟ್ಟಿಕೊಂಡದ್ದು; ಓವನ್ ಬಹುಮಟ್ಟಿಗೆ ಬೇಕರಿಯ ಸೊತ್ತು. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಮಾತ್ರ ಓವನ್ ಬಾಡಿಗೆಯ ಮನೆಯೊಂದಿಗೇ ಸಿಗುವ ವಸ್ತುವಾದ್ದರಿಂದ, ಮಕ್ಕಳು ಶಾಲೆಯಲ್ಲಿ ಕಂಡು ಕೇಳುವ ಈ ಅಡುಗೆ ಅವರ ಮನೆಗಳಿಗೂ ಬರುತ್ತದೆ. ಶಾಕಾಹಾರಿಗಳು ಅಲ್ಲಿ ಎರಡು ಸಂಗತಿಗಳನ್ನು ನೋಡಿಕೊಳ್ಳಬೇಕಾಗುತ್ತದೆ. ಅಮೆರಿಕದ ಕಾನೂನಿನ ಪ್ರಕಾರ ಎಗ್ ನೂಡಲ್ಸ್ ಎನಿಸಿಕೊಳ್ಳಬೇಕಾದರೆ ಕನಿಷ್ಠ ಶೇಕಡಾ 5.5ರಷ್ಟು ಮೊಟ್ಟೆಯ ಘನಾಂಶ ಇರಬೇಕು, ಆದರೆ ರವೆಯ ಒಣ ಮ್ಯಾಕರೋನಿಗೂ ಝೀಟಿಗೂ ಸಾಮಾನ್ಯವಾಗಿ ಮೊಟ್ಟೆ ಹಾಕುವುದಿಲ್ಲ. ಇಟಲಿಯ ಅಸಲಿ ಪಾರ್ಮಸಾನ್ ಚೀಸನ್ನು ಕರುವಿನ ಜಠರದಿಂದ ತೆಗೆದ ರೆನೆಟ್ ಎಂಬ ಹೆಪ್ಪಿನಿಂದ ಒಡೆಯುತ್ತಾರೆ, ರಿಕೋಟಾವನ್ನಾದರೋ ಬಹಳಷ್ಟು ಸಲ ಬಿಸಿ ಮತ್ತು ಹುಳಿಯಿಂದಲೇ ಒಡೆಯುತ್ತಾರೆ. ಪನೀರನ್ನೂ ಹೀಗೆಯೇ ಒಡೆಯುವುದರಿಂದ ಅಂಥ ಮನೆಗಳಲ್ಲಿ ರಿಕೋಟಾದ ಜಾಗಕ್ಕೆ ಪುಡಿಮಾಡಿದ ಪನೀರ್ ಸುಲಭವಾಗಿ ಸಲ್ಲುತ್ತದೆ. ಅದರ ಒಣಗುಣವನ್ನು ಸರಿದೂಗಿಸಲು ಗೊಜ್ಜಿಗೆ ಒಂದು ಲೋಟ ಹಾಲನ್ನೋ ಪಾಸ್ತಾ ಬಸಿದ ನೀರನ್ನೋ ಹೆಚ್ಚಾಗಿ ಸೇರಿಸಿದರೆ ಸಾಕಾಗುತ್ತದೆ.